ನಮ್ಮ ಗಣಕದಲ್ಲಿ ಓಡುತ್ತಿರುವ ಪ್ಯಾಕೇಜಿನ ಸೋರ್ಸ್ ಎಲ್ಲಿ ಸಿಗುತ್ತದೆ? ಬಿಲ್ಡ್ ಮಾಡುವುದು ಹೇಗೆ?

ಮಾಟುಂಗಾ ವಾಚಕಿ

ಎಲ್ಲರಿಗೂ ನಮಸ್ಕಾರ. ಮಾಟುಂಗಾದ ಒಂದು ಕನ್ನಡ ವಾಚನಾಲಯದಲ್ಲಿ ಭಾನುವಾರಗಳಂದು ಕೂರುತ್ತೇನೆ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಮೂರು ಹಳೆಯ ಗಣಕಗಳಿವೆ. ಮೂರಕ್ಕೂ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿ, ಅದರ ಪರದೆಯ ವ್ಯವಸ್ಥೆಯಾದ ಗ್ನೋಮ್ ಅನ್ನು ಕನ್ನಡಕ್ಕೆ ತಿರುಗಿಸಿದ್ದೇವೆ. ಹಳೆಯ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದೇವೆ, ಓದುಗರು ಅವನ್ನು ಎವಿನ್ಸ್ ಎಂಬ ಪಿಡಿಎಫ್ ಓದುವ ತಂತ್ರಾಂಶದಲ್ಲಿ ತೆರೆದು ಓದುತ್ತಾರೆ.

ಬರುವವರಲ್ಲಿ ಹಲವರು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ಹಿರಿಯರು. ಕನ್ನಡದ ಅಕ್ಷರ ಅವರು ಬೆವರು ಸುರಿಸಿ ಗಳಿಸಿದ ಆಸ್ತಿ. ಎವಿನ್ಸ್‌ನ ಮೆನು ತೆರೆದರೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಒಂದು ಸಾಲು ಓದಿ ಮುಂದಿನ ಸಾಲಿಗೆ ತಡವರಿಸಿ ನನ್ನನ್ನು ಕರೆಯುತ್ತಾರೆ. ಅದನ್ನು ಸರಿಪಡಿಸಬೇಕೆಂದು ಹೊರಟೆ.

ಮೊದಲು ಮೂಲ ಯೋಜನೆಯ ಗಿಟ್ ಭಂಡಾರದಿಂದ ಇತ್ತೀಚಿನ ಸೋರ್ಸ್ ಕೋಡ್ ಇಳಿಸಿಕೊಂಡೆ. ಬೇಕಾದ ಲೈಬ್ರರಿಗಳು ಹಳೆಯವು ಎಂದು, ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವ (ಬಿಲ್ಡ್ ಮಾಡುವ) ಮೆಸನ್ ಅಲ್ಲೇ ನಿಂತುಬಿಟ್ಟಿತು. ಆಮೇಲೆ ಯಾರೋ ಹೇಳಿದರೆಂದು, ಪ್ಯಾಕೇಜುಗಳನ್ನು ತರುವ ಆಪ್ಟ್ ಕಮಾಂಡ್ ಬಳಸಿ ಆಪ್ಟ್ ಸೋರ್ಸ್ ಎವಿನ್ಸ್ ಎಂದು ಕೊಟ್ಟೆ. ಸೋರ್ಸಸ್ ಲಿಸ್ಟ್‌ನಲ್ಲಿ ಡೆಬ್-ಎಸ್‌ಆರ್‌ಸಿ ಸಾಲುಗಳನ್ನು ಹಾಕಬೇಕು ಎಂಬ ದೋಷ ಬಂತು. ನನ್ನ ಪ್ರಶ್ನೆ ಒಂದೇ: ಈ ಗಣಕದಲ್ಲಿ ಈಗ ಓಡುತ್ತಿರುವ ಎವಿನ್ಸ್ ಇದೆಯಲ್ಲ, ಸರಿಯಾಗಿ ಅದರದ್ದೇ ಸೋರ್ಸ್ ಎಲ್ಲಿ ಸಿಗುತ್ತದೆ?

ಡೊಂಬಿವಿಲಿ ಲೋಕಲ್

ಎರಡನೆಯ ಸಲ ನೀವು ಹಿಡಿದ ದಾರಿಯೇ ಸರಿ. ಮೂಲ ಯೋಜನೆಯ ಇತ್ತೀಚಿನ ಕೋಡ್ ನಿಮ್ಮ ಗಣಕದಲ್ಲಿರುವ ಎವಿನ್ಸ್ ಅಲ್ಲ. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, ಅದರ ಲೈಬ್ರರಿಗಳು ಅಂದಿನವು. ಇಂದಿನ ಕೋಡ್ ಇಂದಿನ ಲೈಬ್ರರಿ ಕೇಳುತ್ತದೆ. ಅಲ್ಲಿಂದ ಒಂದೊಂದೇ ಲೈಬ್ರರಿಯನ್ನು ಹೊಸದಾಗಿ ಬಿಲ್ಡ್ ಮಾಡುತ್ತ ಹೊರಟರೆ ಇಡೀ ಗಣಕವೇ ಕಲಸುಮೇಲೋಗರ. ನಾನೂ ಹೀಗೆ ಒಂದು ಗಣಕವನ್ನು ಹಾಳು ಮಾಡಿ ಮತ್ತೆ ಮೊದಲಿನಿಂದ ಕೂರಿಸಿದ್ದೇನೆ.

ಮಾಡಬೇಕಾದದ್ದು: /ಈಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್ ತೆರೆಯಿರಿ. ಡೆಬ್ ಎಂದು ಶುರುವಾಗುವ ಪ್ರತಿ ಸಾಲಿನ ಕೆಳಗೂ ಅದೇ ಸಾಲನ್ನು ನಕಲು ಮಾಡಿ, ಡೆಬ್ ಇದ್ದಲ್ಲಿ ಡೆಬ್-ಎಸ್‌ಆರ್‌ಸಿ ಎಂದು ಬದಲಿಸಿ. ಸೆಕ್ಯುರಿಟಿ ಸಾಲಿಗೂ ಇದನ್ನು ಮಾಡಲೇಬೇಕು. ಇಲ್ಲದಿದ್ದರೆ ಗಣಕದಲ್ಲಿ ಭದ್ರತಾ ತಿದ್ದುಪಡಿ ಸೇರಿದ ಆವೃತ್ತಿ ಇರುತ್ತದೆ, ಕೈಗೆ ಅದಕ್ಕಿಂತ ಹಳೆಯ ಸೋರ್ಸ್ ಸಿಗುತ್ತದೆ. ಹೊಸ ಬಗೆಯ .ಸೋರ್ಸಸ್ ಕಡತ ಇರುವ ಗಣಕವಾದರೆ ಟೈಪ್ಸ್ ಎಂಬ ಸಾಲಿನಲ್ಲಿ ಡೆಬ್ ಪಕ್ಕದಲ್ಲೇ ಡೆಬ್-ಎಸ್‌ಆರ್‌ಸಿ ಸೇರಿಸಿದರೆ ಸಾಕು. ಆಮೇಲೆ ಸುಡೊ ಆಪ್ಟ್ ಅಪ್‌ಡೇಟ್.

ಡಿಪಿಕೆಜಿ-ಡೆವ್, ಡೆವ್‌ಸ್ಕ್ರಿಪ್ಟ್ಸ್, ಬಿಲ್ಡ್-ಎಸೆನ್ಶಿಯಲ್ ಮೂರನ್ನೂ ಹಾಕಿಕೊಳ್ಳಿ. ಒಂದು ಖಾಲಿ ಫೋಲ್ಡರ್‌ಗೆ ಹೋಗಿ, ಸುಡೊ ಇಲ್ಲದೆ, ಸಾಮಾನ್ಯ ಬಳಕೆದಾರರಾಗಿಯೇ ಆಪ್ಟ್ ಸೋರ್ಸ್ ಎವಿನ್ಸ್ ಕೊಡಿ. ಮೂರು ಕಡತಗಳು ಬರುತ್ತವೆ. ಒರಿಜ್ ಎಂಬ ಹೆಸರಿನ ಟಾರ್ ಕಡತ ಮೂಲ ಲೇಖಕರ ಕೋಡ್, ಡೆಬಿಯನ್‌ನವರು ಮುಟ್ಟದೆ ಇಟ್ಟದ್ದು. ಡೆಬಿಯನ್ ಎಂಬ ಹೆಸರಿನ ಟಾರ್ ಕಡತದಲ್ಲಿ ಡೆಬಿಯನ್‌ನವರ ಪ್ಯಾಚ್‌ಗಳೂ (ತಿದ್ದುಪಡಿಗಳೂ) ಬಿಲ್ಡ್ ನಿಯಮಗಳೂ ಇರುತ್ತವೆ. ಡಿಎಸ್‌ಸಿ ಎಂಬ ಚಿಕ್ಕ ಕಡತ ಇವೆರಡರ ತಾಳೆಪಟ್ಟಿ. ಆಪ್ಟ್ ಇವನ್ನು ತಾನೇ ಬಿಚ್ಚಿ, ಪ್ಯಾಚ್‌ಗಳನ್ನು ಹಚ್ಚಿ, ಒಂದು ಫೋಲ್ಡರ್ ಮಾಡಿಕೊಡುತ್ತದೆ.

ವಾಸ್ಕೋ ಹುಡುಗ

ಅಕ್ಕಾರ, ಎವಿನ್ಸ್‌ಗೆ ಕೈ ಹಾಕೂಕಿಂತ ಮೊದಲ ಹೆಲೋ ಅನ್ನೂ ಪ್ಯಾಕೇಜ್ ಮ್ಯಾಲ ಕೈ ಪಳಗಿಸ್ಕೋರಿ. ಗ್ನೂ ಹೆಲೋ ಅಂದ್ರ ಬರೇ ಒಂದು ನಮಸ್ಕಾರ ಹೇಳೂ ಪ್ರೋಗ್ರಾಂ, ಕಲಿಯೂ ಮಂದಿಗೆ ಅಂತನ ಡೆಬಿಯನ್‌ನ್ಯಾಗ ಅದರ ಪ್ಯಾಕೇಜ್ ಐತಿ. ಸೋರ್ಸ್ ತಗೊಂಡು, ಒಂದು ಅಕ್ಷರ ಬದಲಿ ಮಾಡಿ, ಬಿಲ್ಡ್ ಮಾಡಿ, ಹಾಕಿ ನೋಡ್ರಿ. ನಾ ವಾಸ್ಕೋದಾಗ ಮಳಿಗಾಲದಾಗ ಕುಂತು ಹಿಂಗ ಕಲ್ತೀನಿ. ಏನ ತಪ್ಪಿದ್ರೂ ಎರಡು ನಿಮಿಷದಾಗ ಗೊತ್ತಾಗತೈತಿ. ದೊಡ್ಡ ಪ್ಯಾಕೇಜಿನ್ಯಾಗ ತಪ್ಪು ಎಲ್ಲಿ ಐತಿ ಅಂತ ಹುಡುಕೂದ ಒಂದು ಕೆಲಸ ಆಗತೈತ್ರಿ.

ಮಾಟುಂಗಾ ವಾಚಕಿ

ಹೆಲೋ ಮಾಡಿ ನೋಡಿದೆ. ನಾನು ಬದಲಿಸಿದ ಸಾಲನ್ನು ಟರ್ಮಿನಲ್‌ನಲ್ಲಿ ಕಂಡಾಗ ಆದ ಸಂತೋಷವನ್ನು ಹೇಳಲಾರೆ. ಥ್ಯಾಂಕ್ಸ್ ತಮ್ಮ.

ಎವಿನ್ಸ್ ಸೋರ್ಸ್ ಕೂಡ ಬಂತು. ಈಗ ಮೂರು ಸಂಶಯಗಳು. ಒಂದು, ಬಿಚ್ಚುವಾಗ ಸಹಿ ಪರಿಶೀಲಿಸಲಾಗಲಿಲ್ಲ ಎಂಬ ಎಚ್ಚರಿಕೆ ಬಂತು, ಭಯಪಡಬೇಕೆ? ಎರಡು, ಬಿಲ್ಡ್‌ಗೆ ಬೇಕಾದದ್ದನ್ನು ತರುವ ಬಿಲ್ಡ್-ಡೆಪ್ ಕೊಟ್ಟರೆ ಪ್ಯಾಕೇಜುಗಳ ದೊಡ್ಡ ಪಟ್ಟಿಯನ್ನೇ ತೋರಿಸುತ್ತಿದೆ, ವಾಚನಾಲಯದ ಗಣಕದಲ್ಲಿ ಅಷ್ಟನ್ನೂ ತುಂಬಬೇಕೆ? ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಅನುವಾದಗಳಿರುವ ಪಿಒ ಫೋಲ್ಡರ್‌ನಲ್ಲಿ ಕನ್ನಡದ ಕೆಎನ್.ಪಿಒ ಇದೆ. ಪರದೆಯ ಮೇಲೆ ಇಂಗ್ಲಿಷ್‌ನಲ್ಲೇ ಉಳಿದ ಸಾಲುಗಳನ್ನು ಅದರಲ್ಲಿ ಹುಡುಕಿದೆ, ಹಲವು ಸಾಲುಗಳು ಅಲ್ಲಿ ಇಲ್ಲವೇ ಇಲ್ಲ! ಇಲ್ಲದ ಸಾಲನ್ನು ಅನುವಾದಿಸುವುದು ಹೇಗೆ?

ಡೊಂಬಿವಿಲಿ ಲೋಕಲ್

ಸಹಿಯ ಎಚ್ಚರಿಕೆಗೆ ಹೆದರಬೇಡಿ. ಆ ಪ್ಯಾಕೇಜನ್ನು ಸಿದ್ಧಮಾಡಿದವರ ಕೀಲಿ ನಿಮ್ಮಲ್ಲಿ ಇಲ್ಲ, ಅದಕ್ಕೆ ಆ ಮಾತು. ಭಂಡಾರದ ಪಟ್ಟಿಗೆ ಡೆಬಿಯನ್‌ನ ಸಹಿ ಇದೆ, ಆ ಪಟ್ಟಿಯಲ್ಲಿ ಪ್ರತಿ ಕಡತದ ಹ್ಯಾಶ್ (ಬೆರಳಚ್ಚಿನಂಥ ಸಂಖ್ಯೆ) ಇದೆ, ಆಪ್ಟ್ ಅದನ್ನು ತಾಳೆ ನೋಡಿಯೇ ಇಳಿಸಿರುತ್ತದೆ.

ವಾಚನಾಲಯದ ಗಣಕದಲ್ಲಿ ಬಿಲ್ಡ್ ಮಾಡಬೇಡಿ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದೇ ಡೆಬಿಯನ್ 12 ಇದ್ದರೆ ಅಲ್ಲಿ ಮಾಡಿ, ತಯಾರಾದ ಡೆಬ್ ಕಡತವನ್ನು, ಅಂದರೆ ಸ್ಥಾಪಿಸುವ ಪ್ಯಾಕೇಜನ್ನು, ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಬೇರೆ ಆವೃತ್ತಿ ಇದ್ದರೆ ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್ ಬಳಸಿ. ಇವು ಡೆಬಿಯನ್ 12ರ ಚೊಕ್ಕ ಆವರಣವೊಂದನ್ನು ಪ್ರತ್ಯೇಕವಾಗಿ ಕಟ್ಟಿ, ಬಿಲ್ಡ್‌ಗೆ ಬೇಕಾದ ಸಾಮಾನೆಲ್ಲ ಅದರೊಳಗೇ ತುಂಬಿ, ಕೆಲಸ ಮುಗಿದ ಮೇಲೆ ಎಸೆಯುತ್ತವೆ. ಕಲಿಯಲು ಅರ್ಧ ದಿನ ಬೇಕು, ಆಮೇಲೆ ಲ್ಯಾಪ್‌ಟಾಪ್‌ನ ಮೈ ಹಗುರ.

ಇನ್ನೊಂದು. ಯಾವ ಕಡತ ಯಾವ ಪ್ಯಾಕೇಜಿಗೆ ಸೇರಿದ್ದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಗಣಕದಲ್ಲಿ ಹಾಕಿದ ಪ್ಯಾಕೇಜುಗಳ ಲೆಕ್ಕ ಇಡುವುದು ಡಿಪಿಕೆಜಿ. ಡಿಪಿಕೆಜಿ -ಎಸ್, ದೊಡ್ಡ ಎಸ್, ಮುಂದೆ ಅನುವಾದದ ಕಡತದ ಹೆಸರು ಎವಿನ್ಸ್.ಎಂಒ ಎಂದು ಕೊಡಿ. ಅನುವಾದ ಎವಿನ್ಸ್-ಕಾಮನ್‌ನಲ್ಲಿದೆ ಎಂದು ತಿಳಿಯುತ್ತದೆ. ಸೋರ್ಸಿನ ಹೆಸರು ಒಂದು, ಅದರಿಂದ ಹುಟ್ಟುವ ಪ್ಯಾಕೇಜುಗಳು ಹಲವು. ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡಿನ ಸೋರ್ಸ್ ಬೇಕೆಂದು ಎಲ್‌ಎಸ್ ಹೆಸರಲ್ಲಿ ಹುಡುಕಿದರೆ ಸಿಗದು, ಅದು ಇರುವುದು ಕೋರ್‌ಯುಟಿಲ್ಸ್‌ನಲ್ಲಿ. ಆಪ್ಟ್ ಸೋರ್ಸ್ ಎವಿನ್ಸ್-ಕಾಮನ್ ಎಂದು ಕೊಟ್ಟರೂ ಅದು ತಾನೇ ಎವಿನ್ಸ್ ಸೋರ್ಸನ್ನು ಆರಿಸಿಕೊಳ್ಳುತ್ತದೆ. ನಿಮ್ಮ ಕೆಲಸಕ್ಕೆ ಕೊನೆಯಲ್ಲಿ ಬೇಕಾಗುವುದು ಎವಿನ್ಸ್-ಕಾಮನ್ ಒಂದೇ ಡೆಬ್.

ಕೋಥ್ರೂಡ್ ಅನುವಾದಕ

ಮೂರನೆಯ ಸಂಶಯಕ್ಕೆ ನಾನು ಉತ್ತರಿಸುತ್ತೇನೆ, ಇದು ನನ್ನ ಕ್ಷೇತ್ರ. ಪುಣೆಗೂ ಗಣಕದ ಕನ್ನಡಕ್ಕೂ ಹಳೆಯ ನಂಟು. ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1988ರಲ್ಲಿ ಇಲ್ಲೇ ಹುಟ್ಟಿದ್ದು. ಇಲ್ಲಿ ಕೂತು ಕನ್ನಡಕ್ಕೆ ಅನುವಾದ ಮಾಡಿದವರ ಬೆವರು ಗ್ನೋಮ್‌ನ ಎಷ್ಟೋ ಪಿಒ ಕಡತಗಳಲ್ಲಿದೆ. ಆದರೆ ಆಮೇಲೆ ಕೈಗಳು ಕಡಿಮೆಯಾದವು. ಕೋಡ್ ಮುಂದೆ ಹೋಯಿತು, ಕೆಎನ್.ಪಿಒ ಹಿಂದೆ ಉಳಿಯಿತು.

ಆದದ್ದು ಏನೆಂದರೆ: ಪಿಒ ಕಡತದಲ್ಲಿ ಜೋಡಿಜೋಡಿಯಾಗಿ ಸಾಲುಗಳಿರುತ್ತವೆ. ಎಂಎಸ್‌ಜಿ-ಐಡಿ ಎಂಬಲ್ಲಿ ಇಂಗ್ಲಿಷ್ ಮೂಲ, ಎಂಎಸ್‌ಜಿ-ಎಸ್‌ಟಿಆರ್ ಎಂಬಲ್ಲಿ ಕನ್ನಡ. ಪ್ರೋಗ್ರಾಂ ಓಡುವಾಗ ಇಂಗ್ಲಿಷ್ ಸಾಲನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ಕನ್ನಡವನ್ನು ಹುಡುಕುತ್ತದೆ. ಒಂದು ಚುಕ್ಕಿ ಬದಲಾದರೂ ಜೋಡಿ ಮುರಿಯಿತು. ಗ್ನೋಮ್‌ನವರು ಹಿಂದೊಮ್ಮೆ ಮೆನು ಸಾಲುಗಳ ಕೊನೆಯ ಮೂರು ಬಿಡಿ ಚುಕ್ಕಿಗಳನ್ನು ತೆಗೆದು, ಮೂರೂ ಸೇರಿದ ಒಂದೇ ಯುನಿಕೋಡ್ ಅಕ್ಷರ ಹಾಕಿದರು. ಕಣ್ಣಿಗೆ ಎರಡೂ ಒಂದೇ. ಹೋಲಿಕೆಗೆ ಮಾತ್ರ ಎರಡೂ ಬೇರೆ. ಆ ಮೇಲೆ ಯಾರೂ ಪಿಒ ಕಡತವನ್ನು ಮುಟ್ಟದಿದ್ದ ಕಡೆಯಲ್ಲೆಲ್ಲ ಸರಿಯಾದ ಕನ್ನಡ ಕಡತದೊಳಗೇ ಇದ್ದರೂ ಪರದೆಯ ಮೇಲೆ ಇಂಗ್ಲಿಷ್ ಬಂದು ಕೂತಿತು. ನೀವು ಹುಡುಕಿ ಸಿಗದ ಸಾಲುಗಳಲ್ಲಿ ಇಂಥವು ಕೆಲವು ಇರಬಹುದು. ಹುಡುಕುವಾಗ ಚುಕ್ಕಿಗಳನ್ನು ಬಿಟ್ಟು ಹುಡುಕಿ ನೋಡಿ.

ಉಪಾಯ ಇದು. ಸೋರ್ಸ್ ಫೋಲ್ಡರ್‌ನಲ್ಲಿ ಮೆಸನ್ ಬಿಲ್ಡ್ ಸಿದ್ಧಮಾಡಿಕೊಂಡು ಎವಿನ್ಸ್-ಪಾಟ್ ಎಂಬ ಗುರಿಯನ್ನು ಓಡಿಸಿ. ಇಡೀ ಕೋಡನ್ನು ಜಾಲಾಡಿ ಈಗಿರುವ ಎಲ್ಲ ಇಂಗ್ಲಿಷ್ ಸಾಲುಗಳ ಪಿಒಟಿ ಕಡತವನ್ನು ಅದು ತಯಾರಿಸುತ್ತದೆ. ಆಮೇಲೆ ಎಂಎಸ್‌ಜಿಮರ್ಜ್ ಬಳಸಿ ಅದನ್ನು ಕೆಎನ್.ಪಿಒ ಜೊತೆ ಬೆಸೆಯಿರಿ. ಹೊಸ ಸಾಲುಗಳು ಖಾಲಿ ಜಾಗದೊಂದಿಗೆ ಬಂದು ಸೇರುತ್ತವೆ. ಹಳೆಯದಕ್ಕೆ ಹತ್ತಿರವಿರುವ ಸಾಲುಗಳಿಗೆ ಹಳೆಯ ಕನ್ನಡವನ್ನೇ ಇಟ್ಟು, ಮೇಲೆ ಫಜಿ ಎಂಬ ಗುರುತು ಹಾಕುತ್ತದೆ. ಮನುಷ್ಯರೊಬ್ಬರು ನೋಡಿ ಒಪ್ಪುವ ತನಕ ಇದನ್ನು ನಂಬಬೇಡಿ ಎಂಬುದು ಆ ಗುರುತಿನ ಅರ್ಥ. ಪಿಒ ಕಡತವನ್ನು ಪ್ರೋಗ್ರಾಂ ಓದುವ ಎಂಒ ಕಡತವಾಗಿಸುವುದು ಎಂಎಸ್‌ಜಿಎಫ್‌ಎಂಟಿ. ಫಜಿ ಇರುವ ಸಾಲನ್ನು ಅದು ಸಾಮಾನ್ಯವಾಗಿ ಎಂಒಗೆ ಸೇರಿಸುವುದಿಲ್ಲ. ಆದ್ದರಿಂದ ಕನ್ನಡ ಸರಿಯಿದ್ದರೂ ಗುರುತು ಅಳಿಸದಿದ್ದರೆ ಮತ್ತೆ ಇಂಗ್ಲಿಷೇ ಕಾಣುತ್ತದೆ. ಒಂದೊಂದನ್ನೂ ಓದಿ, ತಿದ್ದಿ, ಗುರುತು ಅಳಿಸಿ. ಪಿಒ ತಿದ್ದುವ ತಂತ್ರಾಂಶ ಪಿಒಎಡಿಟ್ ಇದ್ದರೆ ಕೈಗೆ ಸುಲಭ.

ಹಡಪ್ಸರ್ ನಿವಾಸಿ

ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಸುವವರು ಈ ಎಳೆ ಓದುತ್ತಿದ್ದರೆ ಅವರಿಗಾಗಿ: ಆರ್‌ಪಿಎಂ -ಕ್ಯುಎಫ್ ಕೊಟ್ಟು ಕಡತದ ಪ್ಯಾಕೇಜ್ ತಿಳಿಯಿರಿ, ಡಿಎನ್‌ಎಫ್ ಡೌನ್‌ಲೋಡ್‌ಗೆ ಸೋರ್ಸ್ ಆಯ್ಕೆ ಸೇರಿಸಿ ಎಸ್‌ಆರ್‌ಪಿಎಂ (ಸೋರ್ಸ್ ಪ್ಯಾಕೇಜ್) ಇಳಿಸಿ, ಡಿಎನ್‌ಎಫ್ ಬಿಲ್ಡ್‌ಡೆಪ್ ಮಾಡಿ. ಎಸ್‌ಆರ್‌ಪಿಎಂ ಹಾಕಿದರೆ ನಿಮ್ಮ ಮನೆ ಫೋಲ್ಡರ್‌ನಲ್ಲಿ ಆರ್‌ಪಿಎಂಬಿಲ್ಡ್ ಎಂಬುದರೊಳಗೆ ಬಿಲ್ಡ್ ನಿಯಮಗಳ ಸ್ಪೆಕ್ ಕಡತ ಒಂದು ಕಡೆ, ಸೋರ್ಸ್ ಇನ್ನೊಂದು ಕಡೆ ಕೂರುತ್ತವೆ. ಅಲ್ಲಿಂದ ಆರ್‌ಪಿಎಂಬಿಲ್ಡ್ -ಬಿಬಿ. ಡೆಬಿಯನ್‌ನ ಎಸ್‌ಬಿಲ್ಡ್ ಮಾಡುವ ಕೆಲಸವನ್ನು ಇಲ್ಲಿ ಮಾಕ್ ಮಾಡುತ್ತದೆ.

ಉಬುಂಟುವಿನವರಿಗೆ ಒಂದು ಎಚ್ಚರಿಕೆ. ಅಲ್ಲಿ ಮುಖ್ಯ ಭಂಡಾರದ ಅನುವಾದಗಳನ್ನು ಪ್ಯಾಕೇಜಿನಿಂದ ಬೇರ್ಪಡಿಸಿ ಭಾಷಾ ಪ್ಯಾಕ್‌ಗಳಲ್ಲಿ ಕೊಡುತ್ತಾರೆ. ವಾಚಕಿಯವರ ಹಾದಿಯನ್ನು ಹಾಗೆಯೇ ಹಿಡಿದರೆ ಎಂಒ ಕಡತ ಎಲ್ಲಿ ಹೋಯಿತೆಂದು ತಲೆಕೆಡಿಸಿಕೊಳ್ಳಬೇಕಾದೀತು.

ಠಾಣೆ ಓದುಗ

ಇಷ್ಟೆಲ್ಲ ಏಕೆ? ತಿದ್ದಿದ ಪಿಒ ಕಡತವನ್ನು ಎಂಎಸ್‌ಜಿಎಫ್‌ಎಂಟಿಗೆ ಕೊಟ್ಟು ಎಂಒ ಮಾಡಿ, ಲೊಕೇಲ್ ಫೋಲ್ಡರ್‌ನ ಕೆಎನ್‌ನೊಳಗೆ ನಕಲು ಮಾಡಿದರೆ ಮುಗಿಯಿತಲ್ಲ. ಒಂದು ನಿಮಿಷದ ಕೆಲಸಕ್ಕೆ ಇಡೀ ಪ್ಯಾಕೇಜ್ ಬಿಲ್ಡ್ ಮಾಡಬೇಕೆ?

ಡೊಂಬಿವಿಲಿ ಲೋಕಲ್

ತಿದ್ದಿದ್ದು ಸರಿಯಿದೆಯೇ ಎಂದು ನೋಡಿಕೊಳ್ಳಲು ಅದೇ ಒಳ್ಳೆಯ ದಾರಿ, ನಾನೂ ಮೊದಲು ಹಾಗೇ ನೋಡುತ್ತೇನೆ. ಆದರೆ ಅಲ್ಲಿಗೆ ನಿಲ್ಲಿಸಬಾರದು. ಡಿಪಿಕೆಜಿಗೆ ಗೊತ್ತಿಲ್ಲದೆ ಅದರ ಕಡತ ಬದಲಿಸಿದ್ದೀರಿ. ಮುಂದಿನ ಅಪ್‌ಡೇಟ್ ಬಂದ ದಿನ ನಿಮ್ಮ ಕೆಲಸ ಸದ್ದಿಲ್ಲದೆ ಅಳಿದುಹೋಗುತ್ತದೆ. ಆರು ತಿಂಗಳ ನಂತರ ಬೇರೊಬ್ಬ ಸ್ವಯಂಸೇವಕರು ಆ ಗಣಕದ ಮುಂದೆ ಕೂತರೆ, ಯಾರು ಏನು ಬದಲಿಸಿದ್ದರು ಎಂಬ ಸುಳಿವೇ ಇರುವುದಿಲ್ಲ. ಪ್ಯಾಕೇಜ್ ಮಾಡಿದರೆ ಚೇಂಜ್‌ಲಾಗ್‌ನಲ್ಲಿ ತಾರೀಖು, ಕಾರಣ ಎರಡೂ ಉಳಿಯುತ್ತವೆ. ವಾಚನಾಲಯದಲ್ಲಿ ಪುಸ್ತಕ ಬಂದರೆ ದಾಖಲೆ ಪುಸ್ತಕದಲ್ಲಿ ಬರೆಯುವುದಿಲ್ಲವೇ, ಇದೂ ಹಾಗೆಯೇ.

ಎವಿನ್ಸ್ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಅಡಿಯಲ್ಲಿದೆ. ಆ ಪರವಾನಗಿಯ ಎರಡನೆಯ ಆವೃತ್ತಿ, 1991ರದ್ದು, ಪೂರ್ಣ ಸೋರ್ಸ್ ಎಂದರೆ ಬರೀ ಕೋಡ್ ಅಲ್ಲ, ಕಂಪೈಲ್ ಮಾಡಲು ಮತ್ತು ಸ್ಥಾಪಿಸಲು ಬಳಸುವ ಸ್ಕ್ರಿಪ್ಟ್‌ಗಳೂ ಸೇರಿದ್ದು ಎಂದು ವಿವರಿಸುತ್ತದೆ. ಡೆಬಿಯನ್ ಫೋಲ್ಡರ್‌ನಲ್ಲಿರುವ ರೂಲ್ಸ್ ಕಡತ ಅಂಥದ್ದು. ಅವರು ಕಟ್ಟಿದ ಹಾಗೆಯೇ ನಾವೂ ಕಟ್ಟಬಹುದೆಂದು ಅದನ್ನು ನಮ್ಮ ಕೈಗೆ ಕೊಟ್ಟಿದ್ದಾರೆ. ಬಳಸೋಣ ಎಂಬುದು ನನ್ನ ಆಸೆ.

ಮಾಟುಂಗಾ ವಾಚಕಿ

ಒಂದು ವಾರ ರಾತ್ರಿ ಊಟದ ನಂತರ ಕೂತು ಕೆಎನ್.ಪಿಒ ತಿದ್ದಿದೆ. ಕೋಥ್ರೂಡ್‌ನವರು ಹೇಳಿದ್ದು ನಿಜ. ಚುಕ್ಕಿ ಬಿಟ್ಟು ಹುಡುಕಿದಾಗ ಕೆಲವು ಸಾಲುಗಳಿಗೆ ಚೆಂದದ ಕನ್ನಡ ಅಲ್ಲೇ ಕಾದು ಕೂತಿತ್ತು.

ಎಂಎಸ್‌ಜಿಎಫ್‌ಎಂಟಿಗೆ ಕೊಟ್ಟರೆ ಒಂದು ಸಾಲಿನಲ್ಲಿ ದೋಷ ತೋರಿಸಿತು. ಎಂಎಸ್‌ಜಿ-ಐಡಿಯಲ್ಲಿ ಫಾರ್ಮ್ಯಾಟ್ ಗುರುತು ಸರಿಯಿದೆ, ಎಂಎಸ್‌ಜಿ-ಎಸ್‌ಟಿಆರ್‌ನಲ್ಲಿ ಸರಿಯಿಲ್ಲವಂತೆ. ಪುಟಗಳ ಎಣಿಕೆಯ ಸಾಲು ಅದು. ಶೇಕಡಾ ಚಿಹ್ನೆಯ ಮುಂದೆ ಇಂಗ್ಲಿಷಿನ ಡಿ ಅಕ್ಷರ ಇರಬೇಕಿತ್ತು, ಕೀಲಿಮಣೆ ಕನ್ನಡದಲ್ಲಿದ್ದಾಗ ಒತ್ತಿದ್ದರಿಂದ ಅಲ್ಲಿ ಕನ್ನಡದ ದ ಬಂದು ಕೂತಿದೆ! ಅರ್ಧ ಗಂಟೆ ನೋಡಿದ ಮೇಲೆ ಕಂಡಿತು.

ಕೋಥ್ರೂಡ್ ಅನುವಾದಕ

ಅನುವಾದಕರೆಲ್ಲ ಒಮ್ಮೆಯಾದರೂ ಬೀಳುವ ಹೊಂಡ ಇದು. ಆ ಗುರುತಿನ ಜಾಗದಲ್ಲಿ ಪ್ರೋಗ್ರಾಂ ಪುಟಸಂಖ್ಯೆ ತುಂಬುತ್ತದೆ, ಅದು ಅಕ್ಷರಶಃ ಹಾಗೆಯೇ ಉಳಿಯಬೇಕು. ಬಿಲ್ಡ್‌ಗೆ ಕೊಡುವ ಮೊದಲು ಯಾವಾಗಲೂ ಎಂಎಸ್‌ಜಿಎಫ್‌ಎಂಟಿಗೆ -ಸಿ ಆಯ್ಕೆ ಹಾಕಿ ಪರೀಕ್ಷಿಸಿ. ಬಹುವಚನದ ಸಾಲುಗಳಲ್ಲಿ ಎರಡು ರೂಪ ಇರುತ್ತವೆ, ಎರಡನ್ನೂ ತುಂಬಿದ್ದೀರಾ ನೋಡಿ. ಒಂದು ಪುಟ, ಹಲವು ಪುಟಗಳು.

ಡೊಂಬಿವಿಲಿ ಲೋಕಲ್

ಈಗ ಬಿಲ್ಡ್. ಮೊದಲು ಆವೃತ್ತಿ ಸಂಖ್ಯೆ. ಇದರಲ್ಲಿ ಸ್ವಲ್ಪ ನಿಧಾನ ಬೇಕು, ಏಕೆಂದರೆ ಇಲ್ಲಿ ಎಡವಿದರೆ ಭದ್ರತಾ ಅಪ್‌ಡೇಟ್ ತಪ್ಪಿಹೋಗುತ್ತದೆ.

ಮೂಲ ಆವೃತ್ತಿ 1.0-1 ಎಂದಿಟ್ಟುಕೊಳ್ಳಿ. ಚೇಂಜ್‌ಲಾಗ್ ತುಂಬುವ ಡಿಸಿಎಚ್ ಕಮಾಂಡಿಗೆ ಲೋಕಲ್ ಆಯ್ಕೆ ಕೊಟ್ಟು +ಲೋಕಲ್ ಎಂದರೆ 1.0-1+ಲೋಕಲ್1 ಆಗುತ್ತದೆ. ಎಲ್ಲರೂ ಹೀಗೆಯೇ ಮಾಡುತ್ತಾರೆ. ಆದರೆ ಡೆಬಿಯನ್ 12ಕ್ಕೆ ಭದ್ರತಾ ತಿದ್ದುಪಡಿ ಬಂದಾಗ ಅದರ ಸಂಖ್ಯೆ 1.0-1+ಡೆಬ್12ಯು1 ಎಂಬ ಮಾದರಿಯಲ್ಲಿರುತ್ತದೆ. ಡಿಪಿಕೆಜಿ ಅಕ್ಷರಗಳನ್ನು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಹೋಲಿಸುತ್ತದೆ. ಲೋಕಲ್‌ನ ಮೊದಲಕ್ಷರ ಎಲ್, ಡೆಬ್‌ನ ಮೊದಲಕ್ಷರ ಡಿ. ಎಲ್ ಆಮೇಲೆ ಬರುವ ಅಕ್ಷರ, ಹಾಗಾಗಿ ನಿಮ್ಮದೇ ಹೊಸದು ಎಂದು ಆಪ್ಟ್ ತಿಳಿದು ತಿದ್ದುಪಡಿಯನ್ನು ಹಾಕುವುದೇ ಇಲ್ಲ. ಸುಮ್ಮನೆ ಬಿಟ್ಟುಬಿಡುತ್ತದೆ, ಎಚ್ಚರಿಕೆಯೂ ಇಲ್ಲ. ಟಿಲ್ಡೆ (~) ಹಾಕಿದರೆ ಇನ್ನೊಂದು ತೊಂದರೆ. ಟಿಲ್ಡೆ ಇರುವ ಸಂಖ್ಯೆ ಮೂಲಕ್ಕಿಂತ ಕೆಳಗೆ, ಮೊದಲ ಅಪ್‌ಗ್ರೇಡ್‌ನಲ್ಲೇ ನಿಮ್ಮ ಪ್ಯಾಕೇಜ್ ಹೋಗುತ್ತದೆ.

ನಾನು +ಸಿ ಎಂದು ಹಾಕುತ್ತೇನೆ. ಡೆಬಿಯನ್‌ನವರು ಸೋರ್ಸ್ ಬದಲಿಸದೆ ಮರುಬಿಲ್ಡ್ ಮಾಡಿದಾಗ +ಬಿ1 ಎನ್ನುತ್ತಾರೆ, ಭದ್ರತೆಗೆ +ಡೆಬ್ ಎನ್ನುತ್ತಾರೆ. ಬಿ ಮತ್ತು ಡಿ ನಡುವೆ ಸಿ. ನಿಮ್ಮ ಪ್ಯಾಕೇಜ್ ನಿಲ್ಲುತ್ತದೆ, ಭದ್ರತಾ ತಿದ್ದುಪಡಿ ಬಂದಾಗ ದಾರಿ ಬಿಡುತ್ತದೆ. ಆಗ ಹೊಸ ಸೋರ್ಸ್ ತಂದು, ಅದೇ ಪಿಒ ಕಡತ ಸೇರಿಸಿ, ಮತ್ತೆ ಬಿಲ್ಡ್ ಮಾಡಿ. ನಂಬಿಕೆ ಬರದಿದ್ದರೆ ಡಿಪಿಕೆಜಿಯ ಕಂಪೇರ್-ವರ್ಷನ್ಸ್ ಆಯ್ಕೆಗೆ ಎರಡೂ ಸಂಖ್ಯೆ ಕೊಟ್ಟು ನೋಡಿ.

ಪಿಡಿಎಫ್ ಓದುವ ತಂತ್ರಾಂಶಕ್ಕೆ ಭದ್ರತೆ ಏಕೆಂದು ಯಾರಾದರೂ ಕೇಳಬಹುದು. 2017ರಲ್ಲಿ ಎವಿನ್ಸ್‌ನ ಕಾಮಿಕ್ಸ್ ಕಡತ ತೆರೆಯುವ ಭಾಗದಲ್ಲೇ ದೋಷ ಸಿಕ್ಕಿತ್ತು, ದುರುದ್ದೇಶದಿಂದ ಹೆಸರಿಟ್ಟ ಕಡತ ತೆರೆದರೆ ಗಣಕದಲ್ಲಿ ಬೇರೆ ಕಮಾಂಡ್ ಓಡಿಸಬಹುದಿತ್ತು. ಹಿರಿಯರು ಪೆನ್‌ಡ್ರೈವ್ ತಂದು ಹಾಕುವ ಗಣಕ ಅದು. ತಿದ್ದುಪಡಿ ತಪ್ಪಬಾರದು.

ಇಷ್ಟಾದ ಮೇಲೆ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ -ಬಿ -ಯುಸಿ. ಬೈನರಿ ಮಾತ್ರ, ಸಹಿ ಬೇಡ. ಡೆಬ್ ಕಡತಗಳು ಒಂದು ಹಂತ ಮೇಲಿನ ಫೋಲ್ಡರ್‌ನಲ್ಲಿ ಬಂದು ಬೀಳುತ್ತವೆ, ಒಳಗೆ ಹುಡುಕಬೇಡಿ.

ವಾಸ್ಕೋ ಹುಡುಗ

ನಡುವ ಕರೆಂಟ್ ಹೋದ್ರ ಮೊದಲಿಂದ ಶುರು ಮಾಡಬ್ಯಾಡ್ರಿ ಅಕ್ಕಾರ. ಅದ ಕಮಾಂಡಿಗೆ -ಎನ್‌ಸಿ ಸೇರಿಸ್ರಿ. ಇಲ್ಲಾಂದ್ರ ಅದು ಮೊದಲ ಎಲ್ಲಾ ಒರೆಸಿ ಆಮ್ಯಾಲ ಶುರು ಮಾಡತೈತಿ. -ಎನ್‌ಸಿ ಕೊಟ್ರ ಆಗಿದ್ದು ಆಗಿದ್ಹಂಗ ಇಟ್ಟು ಉಳಿದದ್ದಷ್ಟ ಮಾಡತೈತಿ. ಆದ್ರ ಎಲ್ಲಾ ಮುಗಿದ ಮ್ಯಾಲ ಒಂದ ಸಲ ಚೊಕ್ಕ ಬಿಲ್ಡ್ ಮಾಡಿ, ಆ ಡೆಬ್ ಅಷ್ಟ ವಾಚನಾಲಯಕ್ಕ ಒಯ್ರಿ.

ಮಾಟುಂಗಾ ವಾಚಕಿ

ಬಿಲ್ಡ್ ಆಯಿತು. ಸುಡೊ ಆಪ್ಟ್ ಇನ್‌ಸ್ಟಾಲ್ ಮುಂದೆ ಚುಕ್ಕಿ, ಓರೆಗೆರೆ, ಕಡತದ ಹೆಸರು ಕೊಟ್ಟು ಮೂರೂ ಗಣಕಗಳಿಗೆ ಎವಿನ್ಸ್-ಕಾಮನ್ ಹಾಕಿದೆ. ಮೆನು ಮೇಲಿಂದ ಕೆಳಗಿನ ತನಕ ಕನ್ನಡ. ಈ ಭಾನುವಾರ ಒಬ್ಬ ಹಿರಿಯರು ಪುಟ ತಿರುಗಿಸುವ ಆಯ್ಕೆಯನ್ನು ತಾವೇ ಹುಡುಕಿ, ಅಡ್ಡ ಸ್ಕ್ಯಾನ್ ಆಗಿದ್ದ ಪುಟವನ್ನು ನೆಟ್ಟಗೆ ಮಾಡಿಕೊಂಡು ಓದಿದರು. ನನ್ನನ್ನು ಕರೆಯಲಿಲ್ಲ.

ಇದನ್ನು ಗ್ನೋಮ್‌ಗೆ ಕಳಿಸಬೇಕಲ್ಲ, ಅದು ಹೇಗೆ?

ಕೋಥ್ರೂಡ್ ಅನುವಾದಕ

ಕಳಿಸಲೇಬೇಕು! ಮೂರು ಗಣಕಗಳಲ್ಲಿ ಉಳಿದರೆ ಸಾಲದು. ಗ್ನೋಮ್‌ನ ಅನುವಾದಗಳು ಡ್ಯಾಮ್ಡ್ ಲೈಸ್ ಎಂಬ ತಾಣದ ಮೂಲಕ ನಡೆಯುತ್ತವೆ. ಖಾತೆ ತೆರೆದು ಕನ್ನಡ ತಂಡ ಸೇರಿಕೊಳ್ಳಿ. ಆದರೆ ಡೆಬಿಯನ್ 12ರ ಪಿಒ ಕಡತವನ್ನು ಹಾಗೆಯೇ ಏರಿಸಬೇಡಿ. ಅಲ್ಲಿಂದ ಈಗಿನ ಶಾಖೆಯ ಪಿಒ ಇಳಿಸಿಕೊಂಡು, ಎಂಎಸ್‌ಜಿಮರ್ಜ್‌ಗೆ ನಿಮ್ಮ ಕಡತವನ್ನು ಕಂಪೆಂಡಿಯಂ (ಈಗಾಗಲೇ ಮಾಡಿದ ಅನುವಾದಗಳ ಸಂಗ್ರಹ) ಎಂದು ಕೊಡಿ. ನಿಮ್ಮ ಸಾಲುಗಳು ಹೊಂದಿದಲ್ಲಿ ತಾವಾಗಿ ತುಂಬಿಕೊಳ್ಳುತ್ತವೆ, ಹತ್ತಿರವಿದ್ದವು ಫಜಿಯಾಗುತ್ತವೆ, ಅವನ್ನು ಮತ್ತೆ ನೋಡಿ. ಏರಿಸುವ ಮೊದಲು ಆ ಕಡತವನ್ನು ನಿಮ್ಮದೆಂದು ಕಾದಿರಿಸಿಕೊಳ್ಳಿ, ಬೇರೆಯವರು ಅದೇ ಕೆಲಸ ಮಾಡುವುದು ತಪ್ಪುತ್ತದೆ.

ನೀವು ಹಾಕಿದ ಪದಗಳಲ್ಲಿ ಒಂದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅನೊಟೇಶನ್‌ಗೆ ಅಡಿಟಿಪ್ಪಣಿ ಎಂದಿದ್ದೀರಿ. ಅಡಿಟಿಪ್ಪಣಿ ಪುಟದ ಕೆಳಗೆ ಲೇಖಕರು ಕೊಡುವುದು. ಇಲ್ಲಿ ಓದುಗರು ಅಂಚಿನಲ್ಲಿ ಬರೆಯುವುದು.

ಮಾಟುಂಗಾ ವಾಚಕಿ

ಸರಿ, ನೀವು ಹೇಳಿದ್ದು ನ್ಯಾಯ. ಬರೀ ಟಿಪ್ಪಣಿ ಎನ್ನಲೋ, ಅಂಚುಟಿಪ್ಪಣಿ ಎನ್ನಲೋ ತಿಳಿಯುತ್ತಿಲ್ಲ. ಬರುವ ಭಾನುವಾರ ಎರಡನ್ನೂ ಹಾಳೆಯಲ್ಲಿ ಬರೆದು ವಾಚನಾಲಯದ ಓದುಗರ ಮುಂದಿಟ್ಟು ಕೇಳುತ್ತೇನೆ. ಏರಿಸುವುದು ಅದಾದ ಮೇಲೆ.

ವಾಸ್ಕೋ ಹುಡುಗ

ಟಿಪ್ಪಣಿ ಸಾಕ್ರಿ. ನಮ್ಮ ಕಡೆ ಪುಸ್ತಕದ ಅಂಚಿಗೆ ಪೆನ್ಸಿಲ್‌ಲೆ ಬರಿಯೂದಕ್ಕ ಹಂಗ ಅಂತಾರ. ಕಡತ ಏರಿಸಿದ ಮ್ಯಾಲ ಇಲ್ಲೆ ತಿಳಸ್ರಿ, ನಾ ಕ್ಯಾಲ್ಕುಲೇಟರಿನ ಪಿಒ ಹಿಡೀತೀನಿ.